ಏಡಿ ಬಿಲವೂ ಬೆಟ್ಟದ ಸೊಸೆಯೂ

ಬಹಳ ಬಹಳ ಹಿಂದೆ, ನದಿಯೊಂದು ಸಮುದ್ರ ಸೇರುವ ಮೊದಲು ಕೈಕಾಲು ಚಾಚಿ ಮಲಗುವ ಜಾಗದಲ್ಲಿ, ಅಳಿವೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಬೆಟ್ಟವಿರಲಿಲ್ಲ, ಗುಡ್ಡವಿರಲಿಲ್ಲ. ಎತ್ತರವೆಂದು ಹೇಳಿಕೊಳ್ಳಲು ತೆಂಗಿನ ಮರಗಳಷ್ಟೇ. ನೆಲವೆಲ್ಲ ಅಂಗೈಯ ಹಾಗೆ ಸಮ. ಒಂದು ಬದಿ ನದಿ ಮತ್ತು ಉಪ್ಪುನೀರಿನ ಜೌಗು, ಇನ್ನೊಂದು ಬದಿ ಭತ್ತದ ಗದ್ದೆ, ನಡುವೆ ಒಂದು ಮಣ್ಣಿನ ಏರಿ.

ಆ ಏರಿ ಅರಮನೆಯ ಬಾಗಿಲಲ್ಲಿ ಹುಟ್ಟಿ, ನದಿಯ ಮಗ್ಗುಲಲ್ಲೇ ಬಳುಕುತ್ತ ಹೋಗಿ, ಅಳಿವೆಯ ಬಾಯಲ್ಲಿ, ಅಂದರೆ ನದಿ ಸಮುದ್ರಕ್ಕೆ ಸೇರುವಲ್ಲಿ ಮುಗಿಯುತ್ತಿತ್ತು. ನಾಡಿಗೆಲ್ಲ ಅದೊಂದೇ ದಾರಿ. ಬೆಳಗಿನ ಗಂಜಿ ಉಂಡು ಹೊರಟರೆ ಹೊತ್ತು ಮುಳುಗುವುದಕ್ಕೆ ಮುಂಚೆ ಮುಟ್ಟಬಹುದು. ಏದುಸಿರಿಲ್ಲ, ಮಂಡಿನೋವಿಲ್ಲ. ಈಗಷ್ಟೇ ನಡೆಯಲು ಕಲಿತ ಮಗುವೂ ಹೋಗಬಹುದು, ಕೋಲೂರಿದ ಅಜ್ಜಿಯೂ ಹೋಗಬಹುದು. ಬಗಲಲ್ಲಿ ಕೇದಿಗೆಯ ಪರಿಮಳ, ತಲೆಯ ಮೇಲೆ ಬೆಳ್ಳಕ್ಕಿ, ಕಾಲ ಕೆಳಗೆ ತಂಪು ಮಣ್ಣು.

ಆ ನಾಡಿನಲ್ಲಿ ಒಂದು ಪದ್ಧತಿಯಿತ್ತು. ಏರಿಯ ಮೇಲೆ ನಡೆಯುವವರು ಯಾರೇ ಆಗಲಿ, ಏಡಿ ಕೊರೆದ ಬಿಲ ಕಂಡರೆ ಬಗ್ಗಬೇಕು, ಒಂದು ಹಿಡಿ ಕೆಸರು ತೆಗೆದು ಬಿಲಕ್ಕೆ ಮೆತ್ತಬೇಕು, ಅಂಗೈಯಿಂದ ತಟ್ಟಿ ಮುಂದೆ ಹೋಗಬೇಕು. ರಾಣಿಯೂ ಹಾಗೆಯೇ, ಉಪ್ಪು ಮಾರುವವಳೂ ಹಾಗೆಯೇ. ಏರಿಗೆ ಬೇರೆ ಕಾವಲು ಇರಲಿಲ್ಲ. ನಡೆಯುವವರೇ ಕಾವಲು.

ಅಳಿವೆನಾಡನ್ನು ಆಳುತ್ತಿದ್ದವಳು ರಾಣಿ ಬಾಚಲೆ. ಗಂಡ ತೀರಿಕೊಂಡ ಮೇಲೆ ಆಕೆಯೇ ರಾಜ್ಯ ನಡೆಸಿದಳು, ಆಕೆಯೇ ಮಗ ಕೇತರಸನನ್ನು ಬೆಳೆಸಿದಳು. ಮಗ ದೊಡ್ಡವನಾದ. ಬಹುದೂರದ ಏಳುಬೆಟ್ಟದ ನಾಡಿನಿಂದ ಹೊನ್ನಲೆ ಎಂಬ ರಾಜಕುಮಾರಿಯನ್ನು ತಂದು ಮದುವೆ ಮಾಡಿದಳು.

ಹೊನ್ನಲೆ ಬಂಡೆ ಹತ್ತುವುದರಲ್ಲಿ ಮೇಕೆಗೂ ಒಂದು ಕೈ ಮೇಲು. ಹತ್ತುವುದೇ ನಡಿಗೆ, ಉಳಿದದ್ದೆಲ್ಲ ಕಾಲಹರಣ ಎಂದು ನಂಬಿದವಳು. ಮದುವೆಯ ದಿನ ಅಳಿವೆಯ ಬಾಯಲ್ಲಿ ನದಿಗೆ ಬಾಗಿನ ಕೊಡಲು ದಿಬ್ಬಣ ಏರಿಯ ಮೇಲೆ ಹೊರಟಾಗ ಅವಳು ಗಂಡನ ಕಿವಿಯಲ್ಲಿ ಕೇಳಿದಳು, "ಬೆಟ್ಟ ಯಾವಾಗ ಬರುತ್ತದೆ?"

"ಬರುವುದಿಲ್ಲ," ಎಂದ ಕೇತರಸ.

"ಹಾಗಾದರೆ ಮುಟ್ಟಿದೆವು ಅಂತ ಗೊತ್ತಾಗುವುದು ಹೇಗೆ?"

"ಕಾಲು ಒದ್ದೆಯಾಗುತ್ತದೆ," ಎಂದು ಅವನು ನಕ್ಕ.

ದಾರಿಯ ತುದಿ ಇನ್ನೇನು ಬಂತು ಎನ್ನುವಾಗ ಕಾಲ ಬಳಿ ಒಂದು ಏಡಿ ಬಿಲ ಕಂಡಿತು. ಕೇತರಸ ಅಭ್ಯಾಸದಂತೆ ಬಗ್ಗಿದ. ಹೊನ್ನಲೆ ತನ್ನ ಮದರಂಗಿಯ ಕೈಗಳನ್ನು ಹಿಂದಕ್ಕೆಳೆದುಕೊಂಡು, "ಮದುವೆಯ ದಿನ ಕೆಸರು ಮುಟ್ಟುತ್ತಾರೆಯೇ? ನಮ್ಮಲ್ಲಿ ಅರಸರ ಕೈ ಶಿಖರ ಮುಟ್ಟುತ್ತದೆ," ಎಂದಳು. ಅವಳ ತವರಿನವರು ಮುಸಿಮುಸಿ ನಕ್ಕರು.

ರಾಣಿ ಬಾಚಲೆಗೆ ಹೊಸ ಸೊಸೆಯ ಮನಸ್ಸು ನೋಯಿಸಬಾರದು ಎನಿಸಿತು. "ಬಿಡು ಮಗಾ. ಇವತ್ತೊಂದು ದಿನ ಯಾರೂ ಕೆಸರು ಮುಟ್ಟುವುದು ಬೇಡ. ಬೀಗರ ಮುಂದೆ ಚೊಕ್ಕಟವಾಗಿರೋಣ," ಎಂದಳು.

ಅರ್ಧ ಬಗ್ಗಿದ್ದ ಕೇತರಸ ನೆಟ್ಟಗಾದ. ಹೊನ್ನಲೆ ಸೀರೆಯ ಅಂಚು ಎತ್ತಿ ಬಿಲವನ್ನು ದಾಟಿದಳು. ಅವಳ ಹಿಂದೆ ದಿಬ್ಬಣವೆಲ್ಲ ಒಣ ಕೈಗಳಲ್ಲಿ ದಾಟಿತು.

ಸಮುದ್ರದ ತಳದಲ್ಲಿ ಚೌಳ ಎಂಬ ಉಪ್ಪಿನ ಮಾಯಾವಿ ಇದ್ದ. ಅಳಿವೆನಾಡಿನ ಮೇಲೆ ಅವನಿಗೆ ಬಹುಕಾಲದ ಆಸೆ. ಆದರೆ ಕಂಡೂ ಮುಚ್ಚದೆ ಬಿಟ್ಟ ತೂತಿನಿಂದ ಮಾತ್ರ ಅವನು ಒಳಗೆ ಬರಬಹುದಿತ್ತು, ಆ ನಾಡಿನವರು ಅಂಥದ್ದೊಂದು ತೂತನ್ನೂ ಬಿಟ್ಟವರಲ್ಲ. ಆ ದಿನ ಬಿಟ್ಟರು. ಅವನು ಬಂದ.

ಮದುವೆಯ ಚಪ್ಪರ ಇಳಿಸುವ ಮೊದಲೇ, ಒಂದು ಬೆಳಗ್ಗೆ ಕೇತರಸ ಒಬ್ಬನೇ ಏರಿಯ ಮೇಲೆ ಹೋದ. ಎಲ್ಲಿಗೆ ಎಂದು ಹೇಳಲಿಲ್ಲ. ಹೋದವನು ತಿರುಗಿ ಬರಲಿಲ್ಲ. ಮರುದಿನ ಸಮುದ್ರದ ಭರತ ಬಂತು. ಅದರ ಹಿಂದೆ ಬರಬೇಕಾದ ಇಳಿತ ಬರಲಿಲ್ಲ. ಏರಿದ ನೀರು ಇಳಿಯಲಿಲ್ಲ. ಏರಿಯ ಉದ್ದಕ್ಕೂ ರಾತ್ರೋರಾತ್ರಿ ಬಾಯಿ ತೆರೆದ ಬಿಲಗಳಲ್ಲಿ ಜಿನುಗಿ ಗದ್ದೆ ಸೇರಿತು. ಭತ್ತದ ಬುಡ ಕೆಂಪಾಯಿತು. ಬಾವಿಗಳು ಉಪ್ಪಾದವು. ಆಮೇಲೆ ಎಲ್ಲ ಬಾವಿಗಳ ತಳದಿಂದ ಒಂದೇ ದನಿ ಎದ್ದಿತು:

"ನಾನು ಚೌಳ. ಬಾಗಿಲು ತೆರೆದಿಟ್ಟವರು ನೀವೇ. ನಿಮ್ಮ ಇಳಿತವನ್ನು ನುಂಗಿದ್ದೇನೆ. ನಿಮ್ಮ ರಾಜಕುಮಾರ ಉಪ್ಪಾಗಿ ನನ್ನ ಬಾಗಿಲ ಕಂಬವಾಗಿದ್ದಾನೆ. ಹುಣ್ಣಿಮೆಯ ಸಂಜೆ ದೊಡ್ಡ ಭರತ ಬರುತ್ತದೆ. ಅವನು ಕರಗುತ್ತಾನೆ. ಅವನ ಜೊತೆ ನಿಮ್ಮ ನಾಡೂ ಕರಗುತ್ತದೆ."

ಯಾವ ಬಾಗಿಲು ಎಂದು ಜನ ಹುಡುಕಿದರು. ಕೋಟೆಯ ಬಾಗಿಲು ನೋಡಿದರು, ಭದ್ರವಾಗಿತ್ತು. ಖಜಾನೆಯ ಬಾಗಿಲು ನೋಡಿದರು, ಅದೂ ಭದ್ರ. ಸೇನಾಪತಿ ಕುದುರೆಗಳನ್ನು ಏರಿಯ ಮೇಲೆ ಓಡಿಸಿದ. ದಿನವಿಡೀ ಓಡಿ, ಸಂಜೆ ನೋಡಿದರೆ ಅರಮನೆಯ ಬಾಗಿಲಲ್ಲೇ ನಿಂತಿದ್ದ. ಅಂಬಿಗರ ಮುಖ್ಯಸ್ಥ ದೋಣಿ ತೆಗೆದುಕೊಂಡು ಹೋದ. ದೋಣಿಯೊಂದೇ ಮಗುಚಿ ತೇಲಿಬಂತು, ಅವನು ಬರಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಹೊನ್ನಲೆ ಸೀರೆಯನ್ನು ಗಿಡ್ಡವಾಗಿ ಉಟ್ಟು ಅತ್ತೆಯ ಎದುರು ನಿಂತಳು. "ನಾನು ಹೋಗುತ್ತೇನೆ."

"ನಡೆದು?" ಎಂದಳು ರಾಣಿ. ಆಕೆ ಅಂಗಳದ ನೀರಿನಲ್ಲಿ ನಿಂತು, ಭತ್ತದ ಮೂಟೆಗಳನ್ನು ಅಟ್ಟಕ್ಕೆ ಹತ್ತಿಸುತ್ತಿದ್ದಳು.

"ಓಡಿ. ನಾನು ಏಳು ಬೆಟ್ಟ ಹತ್ತಿಳಿದವಳು. ಈ ದಾರಿ ನನಗೆ ಯಾವ ಲೆಕ್ಕ?"

"ಅದು ಸುಲಭದ ದಾರಿ ಕಣೇ. ಸುಲಭದ ದಾರಿಯಲ್ಲಿ ನಿನ್ನಂಥವರು ಹೇಗೆ ನಡೆಯುತ್ತಾರೋ ನನಗೆ ಗೊತ್ತಿಲ್ಲ," ಎಂದಳು ರಾಣಿ. ಆಮೇಲೆ ಅವಳ ಸೆರಗಿಗೆ ಅವಲಕ್ಕಿ ಕಟ್ಟಿದಳು. "ಒಂದು ಮಾತು ನೆನಪಿಟ್ಟುಕೊ. ನಮ್ಮ ನಾಡಿನಲ್ಲಿ ಮೇಲೆ ಏನೂ ಇಲ್ಲ. ಇರುವುದೆಲ್ಲ ಕೆಳಗೆ. ಯಾರಾದರೂ ಮೇಲೆ ತೋರಿಸಿದರೆ ನಂಬಬೇಡ."

ಹೊನ್ನಲೆ ಓಡಿದಳು. ಗಾಳಿಯಂತೆ ಓಡಿದಳು. ದಾರಿಯಲ್ಲಿ ಒಂದು ಸೊಟ್ಟ ತೆಂಗಿನ ಮರ, ಅದರ ಬುಡದಲ್ಲಿ ಮನುಷ್ಯರಷ್ಟು ಎತ್ತರದ ಒಂದು ಬೆಳ್ಳಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು. ಅದನ್ನು ದಾಟಿ ಓಡಿದಳು. ಮತ್ತೆ ಒಂದು ಸೊಟ್ಟ ತೆಂಗು, ಮತ್ತೆ ಒಂದು ಬೆಳ್ಳಕ್ಕಿ. ಅದನ್ನೂ ದಾಟಿದಳು. ಮತ್ತೆ ಅದೇ ತೆಂಗು, ಅದೇ ಬೆಳ್ಳಕ್ಕಿ.

"ಬಂದೆಯಾ ತಾಯಿ?" ಎಂದಿತು ಬೆಳ್ಳಕ್ಕಿ. "ಬೆಳಗ್ಗೆಯಿಂದ ನಿನ್ನನ್ನು ನೋಡಿ ನೋಡಿ ನನಗೇ ಸುಸ್ತಾಯಿತು."

"ದಾರಿ ಬಿಡು."

"ನಾನೆಲ್ಲಿ ಹಿಡಿದಿದ್ದೇನೆ? ನನ್ನ ಕಾಲೇ ಇಲ್ಲಿ ಸಿಕ್ಕಿಕೊಂಡಿದೆ."

ಹಿಂದಿರುಗಿ ನೋಡಿದರೆ ಅರಮನೆಯ ಹೆಂಚು ಕೈಗೆ ಸಿಗುವಷ್ಟು ಹತ್ತಿರ. ಸೂರ್ಯ ನೆತ್ತಿಗೆ ಬಂದಿದ್ದ. ಅವಳು ಏರಿಯ ಮೇಲೆ ಕುಸಿದು ಕೂತಳು. ಕೂತ ಜಾಗ ಒದ್ದೆ. ಬಗ್ಗಿ ನೋಡಿದರೆ ಬೆಳ್ಳಕ್ಕಿಯ ಕಾಲು ಒಂದು ಏಡಿ ಬಿಲದಲ್ಲಿ ಹೂತುಹೋಗಿತ್ತು, ಅದರ ಸುತ್ತ ಉಪ್ಪು ಹರಳುಗಟ್ಟಿತ್ತು, ಸಂದಿನಿಂದ ನೀರು ಜಿನುಗುತ್ತಿತ್ತು. ಅವಳಿಗೆ ಮದುವೆಯ ದಿನ ಬಗ್ಗಿದ ಕೇತರಸನ ಬೆನ್ನು ನೆನಪಾಯಿತು.

ಅವಳು ಕೈ ನೋಡಿಕೊಂಡಳು. ಮದರಂಗಿ ಇನ್ನೂ ಮಾಸಿರಲಿಲ್ಲ. ಆ ಕೈಯನ್ನೇ ಜೌಗಿಗೆ ಹಾಕಿ, ಹರಳು ಬಿಡಿಸಿ ಹಕ್ಕಿಯ ಕಾಲು ಎಳೆದಳು, ಹಿಡಿ ಕೆಸರು ತೆಗೆದು ಬಿಲಕ್ಕೆ ಮೆತ್ತಿದಳು. ಕೆಸರು ಬೊಳಕ್ಕೆಂದು ಹೊರಬಿತ್ತು.

"ತಟ್ಟಬೇಕು," ಎಂದಿತು ಬೆಳ್ಳಕ್ಕಿ. "ರೊಟ್ಟಿ ತಟ್ಟಿ ಗೊತ್ತಿಲ್ಲವೇ?"

"ನಮ್ಮಲ್ಲಿ ರೊಟ್ಟಿ ಅಡುಗೆಯವರು ತಟ್ಟುತ್ತಾರೆ."

"ಅದಕ್ಕೇ ಹೀಗೆ," ಎಂದಿತು ಬೆಳ್ಳಕ್ಕಿ.

ಹೊನ್ನಲೆ ಇನ್ನೊಂದು ಹಿಡಿ ಮೆತ್ತಿ ತಟ್ಟಿದಳು. ಈ ಸಲ ಕೆಸರು ಕಚ್ಚಿಕೊಂಡಿತು. ತಲೆ ಎತ್ತಿದಾಗ ಸೊಟ್ಟ ತೆಂಗು ಅವಳ ಹಿಂದೆ, ಬಹಳ ಹಿಂದೆ ಇತ್ತು. ಅವಳು ಒಂದು ಬಿಲ ಮುಚ್ಚಿದರೆ ದಾರಿ ತಾನಾಗಿ ಮುಂದೆ ಚಾಚಿಕೊಂಡು ಅವಳ ಕಾಲ ಕೆಳಗೆ ಬರುತ್ತಿತ್ತು. ಬೆಳ್ಳಕ್ಕಿ ಎರಡೂ ಕಾಲು ಊರಿ, ಹಾಯಾಗಿ ಅವಳ ಹಿಂದೆ ನಡೆಯಿತು.

ಹೊನ್ನಲೆ ಈಗ ಓಡಲಿಲ್ಲ. ನೆಲ ನೋಡುತ್ತ ನಡೆದಳು. ನೆಲ ನೋಡಿ ನಡೆದಾಗ ಅವಳಿಗೆ ಹಿಂದೆ ಕಾಣದ್ದೆಲ್ಲ ಕಂಡಿತು: ಕೆಂಪು ಕೊಂಡಿಯ ಸಣ್ಣ ಏಡಿಗಳು, ಕೆಸರಿನ ಮೇಲೆ ಹಕ್ಕಿಗಳ ಹೆಜ್ಜೆಯ ಗೆರೆ, ಮಗುವಿನ ಅಂಗೈಯಷ್ಟೇ ಅಗಲದ ಹಳೆಯ ಮೆತ್ತಿಗೆಗಳು. ಒಂದೊಂದರ ಮೇಲೂ ಯಾರದೋ ಬೆರಳಿನ ಗುರುತು. ಏರಿಗೆ ಏರಿಯೇ ಬೆರಳುಗಳಿಂದ ಕಟ್ಟಿದ ಹಾಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೀರಿನಿಂದ ಒಂದು ನೀರುನಾಯಿ ತಲೆ ಎತ್ತಿತು. ದೋಣಿಯಷ್ಟು ದೊಡ್ಡ ನೀರುನಾಯಿ, ಬೆನ್ನು ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು.

"ಅಮ್ಮಣ್ಣೀ, ಈ ನಡಿಗೆಯಲ್ಲಿ ಭರತ ನಿನಗಿಂತ ಮೊದಲು ಮುಟ್ಟುತ್ತದೆ. ಬೆನ್ನ ಮೇಲೆ ಕೂರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ನಿನ್ನ ಗಂಡನ ಮುಂದೆ ಇಳಿಸುತ್ತೇನೆ."

ಹೊನ್ನಲೆಯ ಕಾಲು ತಾನಾಗಿ ನೀರಿನ ಕಡೆ ಹೋಯಿತು. ಪಶ್ಚಿಮದಲ್ಲಿ ಸೂರ್ಯ ಜಾರುತ್ತಿದ್ದ. ಉಪ್ಪಿನ ಕಂಬವಾಗಿ ನಿಂತ ಗಂಡ ಕಣ್ಣಿಗೆ ಕಟ್ಟಿದ. ಒಂದು ಕಾಲು ನೀರಿನಲ್ಲಿಟ್ಟಳು ಕೂಡ. ಇಟ್ಟವಳು ಏರಿಯ ಕಡೆ ತಿರುಗಿ ನೋಡಿದಳು. ಮುಂದೆ ಇನ್ನೂ ಎಷ್ಟೋ ಬಿಲಗಳು ಬಾಯಿ ತೆರೆದಿದ್ದವು.

"ನಿನ್ನ ಬೆನ್ನ ಮೇಲೆ ಹೋದರೆ ಇವನ್ನು ಮುಚ್ಚುವವರು ಯಾರು?"

"ನಿನಗೆ ಗಂಡ ಮುಖ್ಯವೋ, ಏಡಿ ಬಿಲ ಮುಖ್ಯವೋ?"

"ಗಂಡನನ್ನು ಬಿಡಿಸಿಕೊಂಡು ಬರುವುದಕ್ಕೂ ದಾರಿ ಬೇಕಲ್ಲ," ಎಂದಳು ಹೊನ್ನಲೆ. ಕಾಲು ತೆಗೆದು ಏರಿಯ ಮೇಲಿಟ್ಟು, ಬಗ್ಗಿ, ಹತ್ತಿರದ ಬಿಲಕ್ಕೆ ಕೆಸರು ಮೆತ್ತಿ ತಟ್ಟಿದಳು.

ತಟ್ಟಿದ ಕೂಡಲೇ ನೀರುನಾಯಿಯ ಮೈಮೇಲಿನ ಚರ್ಮ ಕಂಬಳಿಯ ಹಾಗೆ ಜಾರಿತು. ಒಳಗಿನಿಂದ ಮೀಸೆ ಹಿಂಡಿಕೊಳ್ಳುತ್ತ ಎದ್ದವನು ಕಾಣೆಯಾಗಿದ್ದ ಅಂಬಿಗರ ಮುಖ್ಯಸ್ಥ.

"ನನಗೂ ಆ ಚೌಳ ಹೀಗೇ ಹೇಳಿದ, ಅಮ್ಮಾ. 'ಬೇಗ ಮುಟ್ಟಿಸುತ್ತೇನೆ' ಅಂದ. ದೋಣಿ ಬಿಟ್ಟು ಅವನ ಬೆನ್ನು ಹತ್ತಿ ಕೂತೆ, ನೀರುನಾಯಿಯಾದೆ," ಎಂದು ಅವನು ನಾಚಿಕೊಂಡ.

"ನಾನೂ ಒಂದು ಕಾಲು ಇಟ್ಟಾಗಿತ್ತು," ಎಂದಳು ಹೊನ್ನಲೆ. "ಬಾ. ಆ ಬದಿಯ ಬಿಲ ನಿನಗೆ, ಈ ಬದಿಯದು ನನಗೆ."

ಹೊತ್ತು ಬಾಗಿತು. ನೀರಿನಲ್ಲಿ ಬೇರು ಊರಿ ನಿಂತ ಕಾಂಡ್ಲಾ ಪೊದೆಗಳು ಬಂದವು, ಅಲೆಯ ಸದ್ದು ಕೇಳಿತು. ಪೊದೆ ದಾಟಿದ್ದೇ ತಡ, ಹೊನ್ನಲೆ ಬೆರಗಾಗಿ ನಿಂತಳು. ಎದುರಿಗೆ ಬೆಟ್ಟ. ಬಿಳಿಯ, ಹೊಳೆಯುವ, ಮೋಡ ಮುಟ್ಟುವ ಬೆಟ್ಟ. ಅವಳ ತವರಿನ ಶಿಖರಗಳದೇ ಆಕಾರ. ತುತ್ತತುದಿಯಲ್ಲಿ ಕೇತರಸ ಕೈ ಬೀಸುತ್ತಿದ್ದ. "ಹತ್ತು, ಹೊನ್ನಲೆ. ನಿನ್ನಷ್ಟು ಚೆನ್ನಾಗಿ ಹತ್ತುವವರು ಯಾರಿದ್ದಾರೆ?"

"ತಾಯಿ, ಹೋಗಬೇಡ," ಎಂದಿತು ಬೆಳ್ಳಕ್ಕಿ.

ಹೊನ್ನಲೆ ಕೇಳಿಸಿಕೊಳ್ಳಲಿಲ್ಲ. ಬಂಡೆಗೆ ಕೈ ಹಾಕಿದಳು. ಎಷ್ಟು ದಿನಗಳ ಮೇಲೆ ಬಂಡೆ! ಅವಳ ಬೆರಳುಗಳಿಗೆ ಹಬ್ಬವಾಯಿತು. ಹತ್ತಿದಳು, ಇನ್ನೂ ಹತ್ತಿದಳು. ಬಂಡೆಯ ಅಂಚು ಅಂಗೈ ಕೊಯ್ಯಿತು, ಗಾಯ ಚುರುಚುರು ಉರಿಯಿತು. ಅವಳು ಗಾಯವನ್ನು ಬಾಯಿಗಿಟ್ಟುಕೊಂಡಳು. ಉಪ್ಪು.

ಆಗ ಅತ್ತೆಯ ಮಾತು ನೆನಪಾಯಿತು. ನಮ್ಮ ನಾಡಿನಲ್ಲಿ ಮೇಲೆ ಏನೂ ಇಲ್ಲ. ಮೇಲೆ ಕೈ ಬೀಸುವವನನ್ನು ಇನ್ನೊಮ್ಮೆ ನೋಡಿದಳು. ಕೇತರಸ ಹೀಗೆ ಹೊಗಳಿ ಕರೆದವನಲ್ಲ. ಬೆಟ್ಟ ಬರುವುದಿಲ್ಲ ಎಂದು ನಕ್ಕವನು. ಅವಳು ಕಣ್ಣು ಕೆಳಗಿಟ್ಟು, ಒಂದೊಂದೇ ಹಿಡಿ ಬಿಡುತ್ತ ಇಳಿದಳು. ಹತ್ತುವುದಕ್ಕಿಂತ ಅದೇ ಕಷ್ಟವಾಯಿತು. ಕಾಲು ಮಣ್ಣು ಮುಟ್ಟಿದಾಗ ಬೆಟ್ಟ ಕುಸಿದು, ಪುಡಿ ಉಪ್ಪಾಗಿ ಗಾಳಿಗೆ ಹಾರಿತು.

ಬೆಟ್ಟವಿದ್ದಲ್ಲಿ ಈಗ ಒಂದು ಬಿಲ ಮಾತ್ರ ಉಳಿದಿತ್ತು. ಅವಳು ಸೀರೆಯ ಅಂಚು ಎತ್ತಿ ದಾಟಿದ ಅದೇ ಬಿಲ. ಆ ದಿನ ಎರಡು ಬೆರಳು ಹೋಗುವಷ್ಟಿದ್ದದ್ದು ಈಗ ಕೋಟೆಯ ಹೆಬ್ಬಾಗಿಲಷ್ಟಾಗಿತ್ತು. ಒಳಗೆ ಚೌಳ ಕೂತಿದ್ದ. ಮೈಯೆಲ್ಲ ಬಿಳಿ ಹಕ್ಕಳೆ, ತಲೆಯಲ್ಲಿ ಪಾಚಿ, ನುಂಗಿದ ಇಳಿತದಿಂದ ಉಬ್ಬಿದ ಹೊಟ್ಟೆ. ಬಾಗಿಲ ಪಕ್ಕದಲ್ಲಿ ಉಪ್ಪಿನ ಕಂಬ.

ಕಂಬ ನೆಟ್ಟಗಿರಲಿಲ್ಲ. ಅರ್ಧ ಬಗ್ಗಿತ್ತು. ಒಂದು ಕೈ ನೆಲದ ಕಡೆ ಚಾಚಿತ್ತು, ಮುಷ್ಟಿಯಲ್ಲಿ ಕೆಸರು ಹಾಗೆಯೇ ಉಪ್ಪಾಗಿತ್ತು. ಆ ಬೆಳಗ್ಗೆ ಕೇತರಸ ಎಲ್ಲಿಗೆ ಹೋದನೆಂದು ಹೊನ್ನಲೆಗೆ ಈಗ ಗೊತ್ತಾಯಿತು. ಅವಳಿಗೆ ಹೇಳದೆ, ಅವಳಿಗೆ ನೋವಾಗದ ಹಾಗೆ, ಬಿಟ್ಟುಹೋದ ಬಿಲ ಮುಚ್ಚಲು ಬಂದಿದ್ದ. ಅಷ್ಟರಲ್ಲಿ ತಡವಾಗಿತ್ತು.

"ಬಾ ಬಾ, ಮದುಮಗಳೇ," ಎಂದ ಚೌಳ. "ಬಾಗಿಲು ತೆರೆದವಳು ನೀನು. ಮುಚ್ಚುವುದಕ್ಕೆ ಬಂದೆಯಾ? ಆ ದಿನವಾದರೆ ಒಂದು ಹಿಡಿ ಸಾಕಿತ್ತು."

"ಗೊತ್ತು," ಎಂದಳು ಹೊನ್ನಲೆ.

ಅವಳು ಬಗ್ಗಿ ಒಂದು ಹಿಡಿ ಮೆತ್ತಿದಳು. ನೀರು ಅದನ್ನು ಒಯ್ದಿತು. ಇನ್ನೊಂದು ಮೆತ್ತಿದಳು. ಅದನ್ನೂ ಒಯ್ದಿತು. ಬೆಳ್ಳಕ್ಕಿ ಕೊಕ್ಕಿನಲ್ಲಿ ಕೆಸರು ತಂದಿತು, ಅಂಬಿಗ ಬೊಗಸೆಯಲ್ಲಿ ತಂದ. ಮೂವರೂ ಸೇರಿ ಮೆತ್ತಿದ್ದು ನಿಲ್ಲುವುದಕ್ಕೆ ಮೊದಲೇ ಪೂರ್ವದಲ್ಲಿ ಚಂದ್ರ ಮೂಡಿದ. ದೊಡ್ಡ ಭರತ ಎದ್ದಿತು. ನೀರು ಕೇತರಸನ ಪಾದ ಮುಟ್ಟಿತು, ಬೆರಳುಗಳು ಕರಗತೊಡಗಿದವು. ಚೌಳ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊನ್ನಲೆ ಅಳುತ್ತಲೇ ಮತ್ತೊಂದು ಹಿಡಿ ಮೆತ್ತಿದಳು.

ಅವಳ ಕೈಯ ಪಕ್ಕದಲ್ಲಿ ಇನ್ನೊಂದು ಕೈ ಬಂತು. ಸುಕ್ಕುಗಟ್ಟಿದ, ಉಂಗುರ ತೊಟ್ಟ ಕೈ.

"ಹಾಗಲ್ಲ, ಕೆಳಗಿನಿಂದ ಮೆತ್ತುತ್ತ ಬರಬೇಕು," ಎಂದಳು ರಾಣಿ ಬಾಚಲೆ.

"ಅತ್ತೆ, ನೀವು ಹೇಗೆ ಬಂದಿರಿ?"

"ನಡೆದು ಬಂದೆ. ಮಧ್ಯಾಹ್ನ ಅಂಗಳದ ನೀರು ಏರುವುದು ನಿಂತಿತು. ಏರಿಯನ್ನು ನೋಡಿದರೆ ನಿನ್ನ ಕೈಯ ಮೆತ್ತಿಗೆ. ಒಂದೂ ನುಣುಪಾಗಿಲ್ಲ, ಆದರೂ ಒಂದೂ ಸೋರುತ್ತಿಲ್ಲ. ದಾರಿ ಸರಿಯಾಗಿ, ನಮಗೂ ತಾನಾಗಿ ಕಾಲ ಕೆಳಗೆ ಬರುತ್ತಿರುವಾಗ ಮನೆಯಲ್ಲಿ ಕೂರುತ್ತೇನೆಯೇ? ತಿರುಗಿ ನೋಡು."

ಹೊನ್ನಲೆ ತಿರುಗಿ ನೋಡಿದಳು. ಏರಿಯ ಉದ್ದಕ್ಕೂ ಜನ. ಸೇನಾಪತಿ ಕುದುರೆ ಬಿಟ್ಟು ನಡೆದು ಬಂದಿದ್ದ. ಉಪ್ಪು ಮಾರುವವಳು ಬಂದಿದ್ದಳು, ಕೋಲೂರಿದ ಅಜ್ಜಿಯರು ಬಂದಿದ್ದರು, ಈಗಷ್ಟೇ ನಡೆಯಲು ಕಲಿತ ಮಕ್ಕಳು ತಾಯಂದಿರ ಬೆರಳು ಹಿಡಿದು ಬಂದಿದ್ದರು. ಪ್ರತಿಯೊಬ್ಬರ ಮುಷ್ಟಿಯಲ್ಲೂ ಕೆಸರು.

"ಆ ದಿನ ಬೇಡ ಎಂದವಳು ನಾನು," ಎಂದಳು ರಾಣಿ, ಸೊಸೆಗೆ ಮಾತ್ರ ಕೇಳುವ ಹಾಗೆ. "ನೀನು ಹೊಸಬಳು, ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಸರಿ, ತಟ್ಟು ಈಗ."

ಒಬ್ಬೊಬ್ಬರಾಗಿ ಬಂದರು, ಒಂದೊಂದು ಹಿಡಿ ಮೆತ್ತಿದರು, ತಟ್ಟಿ ಪಕ್ಕಕ್ಕೆ ಸರಿದರು. ಹೆಬ್ಬಾಗಿಲು ಮನೆಯ ಬಾಗಿಲಾಯಿತು. ಮನೆಯ ಬಾಗಿಲು ಕಿಟಕಿಯಾಯಿತು. ಬಿಲ ಕುಗ್ಗಿದಷ್ಟೂ ಒಳಗೆ ಕೂತ ಚೌಳನೂ ಕುಗ್ಗಿದ, ಅವನ ನಗುವೂ ಕುಗ್ಗಿತು. ಕಿಟಕಿ ಗೂಡಾದಾಗ ಅವನು ಕಿರುಚಿದ, "ನನ್ನನ್ನು ಹೊರಗೆ ಬಿಡಿ. ನಿಮಗೆ ಮುತ್ತು ಕೊಡುತ್ತೇನೆ."

"ಇಳಿತವನ್ನು ಕೊಡು," ಎಂದಳು ಹೊನ್ನಲೆ.

ಚೌಳ ಬಾಯಿ ತೆರೆದ. ನುಂಗಿದ್ದ ಇಳಿತವೆಲ್ಲ ಭೋರೆಂದು ಸಮುದ್ರಕ್ಕೆ ಹೊರಳಿತು. ಗದ್ದೆಯ ನೀರು, ಜೌಗಿನ ನೀರು, ಅಂಗಳದ ನೀರು ಅದರ ಹಿಂದೆ ಓಡಿತು. ಬರಿದಾದ ಚೌಳ ಗುಬ್ಬಿಯಷ್ಟಾದ, ನೆಲ್ಲಿಕಾಯಿಯಷ್ಟಾದ, ಕೊನೆಗೆ ಒಂದು ಬಡಕಲು ಏಡಿಯಾಗಿ ಹೊರಬಿದ್ದು, ಅಡ್ಡಡ್ಡ ಓಡಿ ಅಲೆಯಲ್ಲಿ ಮರೆಯಾದ. ಆಮೇಲೆ ಅವನಲ್ಲಿ ಯಾವ ಮಾಯೆಯೂ ಉಳಿಯಲಿಲ್ಲ.

ಬಿಲ ಈಗ ಎರಡು ಬೆರಳು ಹೋಗುವಷ್ಟೇ ಇತ್ತು. ಉಳಿದದ್ದು ಒಂದು ಹಿಡಿ. ಜನ ಅದನ್ನು ಅವಳಿಗೆ ಬಿಟ್ಟರು. ಹೊನ್ನಲೆ ಆ ಹಿಡಿಯನ್ನು ಮೆತ್ತಿ, ರೊಟ್ಟಿ ತಟ್ಟಿದ ಹಾಗೆ ತಟ್ಟಿದಳು.

ಮೇಲಿನಿಂದ ನದಿಯ ಸಿಹಿನೀರು ಇಳಿದು ಬಂದು ಕೇತರಸನ ಕಾಲು ಸುತ್ತಿತು. ಉಪ್ಪು ಹಕ್ಕಳೆಯಂತೆ ಉದುರಿತು. ಮೊದಲು ಪಾದ, ಆಮೇಲೆ ಮಂಡಿ, ಆಮೇಲೆ ಬಗ್ಗಿದ ಬೆನ್ನು. ಅವನು ಮೆಲ್ಲಗೆ ನೆಟ್ಟಗಾಗಿ, ಮುಷ್ಟಿಯಲ್ಲಿದ್ದ ಕೆಸರನ್ನೂ ಮುಚ್ಚಿದ ಬಿಲವನ್ನೂ ನೋಡಿದ. ಆಮೇಲೆ ಹೆಂಡತಿಯ ಕೈ ನೋಡಿದ. ಮೊಣಕೈವರೆಗೆ ಕೆಸರು, ಅಂಗೈಯಲ್ಲಿ ಗಾಯ. ಮದರಂಗಿ ಎಲ್ಲಿತ್ತೆಂದು ಹುಡುಕಿದರೂ ಸಿಗದು.

"ದಾರಿ ಹೇಗಿತ್ತು?" ಎಂದು ಕೇಳಿದ.

"ಸುಲಭ," ಎಂದಳು ಹೊನ್ನಲೆ. "ಕಾಲು ಒದ್ದೆಯಾಯಿತು. ಮುಟ್ಟಿದೆ ಅಂತ ಗೊತ್ತಾಯಿತು."

ಅವರು ತಿಂಗಳ ಬೆಳಕಿನಲ್ಲಿ ಸೆರಗಿನ ಅವಲಕ್ಕಿಯನ್ನು ಹಂಚಿಕೊಂಡು ತಿಂದು, ಅದೇ ಏರಿಯ ಮೇಲೆ ಮನೆಗೆ ನಡೆದರು. ಆ ವರ್ಷ ಭತ್ತ ಚೆನ್ನಾಗಿ ಬಂತು, ಬಾವಿಗಳು ಸಿಹಿಯಾದವು. ಮುಂದೆ ಕೇತರಸ ಮತ್ತು ಹೊನ್ನಲೆ ಬಹುಕಾಲ ರಾಜ್ಯವಾಳಿದರು; ಅತ್ತೆ ಸೊಸೆ ಬೆಳಗಿನ ಗಂಜಿ ಉಂಡು, ಒಬ್ಬರ ಮೆತ್ತಿಗೆಯನ್ನು ಇನ್ನೊಬ್ಬರು ಆಡಿಕೊಳ್ಳುತ್ತ ಏರಿಯ ಮೇಲೆ ನಡೆದರು. ಅಂದಿನಿಂದ ಅಳಿವೆನಾಡಿನಲ್ಲಿ ಮದುವೆಯ ದಿನ ಮೊದಲ ಹಿಡಿ ಕೆಸರು ಮದುಮಗಳದೇ. ಮದರಂಗಿಯ ಕೈಯಿಂದ ಅವಳು ಮೆತ್ತುತ್ತಾಳೆ, ಅತ್ತೆ ಪಕ್ಕದಲ್ಲಿ ನಿಂತು ತಟ್ಟುವುದನ್ನು ಹೇಳಿಕೊಡುತ್ತಾಳೆ, ದಿಬ್ಬಣ ನಗುತ್ತ ಮುಂದೆ ಹೋಗುತ್ತದೆ. ಏರಿ ಇನ್ನೂ ಗಟ್ಟಿಯಾಗಿದೆ. ಆ ನಾಡಿನ ಜನರೂ ಸುಖವಾಗಿದ್ದಾರೆ, ಕತೆ ಕೇಳಿದ ನೀವೂ ಸುಖವಾಗಿರಿ.